ಕೊನೆಯ ಸಾಲಿನ ಹೆಸರು

ನಲವತ್ತು ದಾಟಿದ್ದರೂ ಅವಳು ಇನ್ನೂ ಬೇಬಿಯೇ. ಸಾಲು ಸಾಲು ಅಕ್ಕಂದಿರ ಬೆನ್ನಿಗೆ ಕೊನೆಯವಳಾಗಿ ಹುಟ್ಟಿದ್ದಕ್ಕೆ ತವರಿನಲ್ಲಿ ಅಂಟಿಕೊಂಡ ಹೆಸರು ಅದು. ಮದುವೆಯಾದ ಮೇಲೆ ಗಂಡನ ಮನೆಗೂ ಹಿಂಬಾಲಿಸಿಕೊಂಡು ಬಂತು, ಅಲ್ಲಿಂದ ಅವಳು ಕೆಲಸ ಮಾಡುವ ಫಿಸಿಯೋಥೆರಪಿ ಕ್ಲಿನಿಕ್ಕಿಗೂ ಹೇಗೋ ದಾರಿ ಕಂಡುಕೊಂಡಿತು. ಸೊಂಟ ಹಿಡಿದುಕೊಂಡವರು, ಭುಜ ಎತ್ತಲಾಗದವರು, ಪಾರ್ಶ್ವವಾಯು ಬಡಿದು ಅರ್ಧ ಮೈ ಮರೆತವರು, ಎಲ್ಲರೂ ಬಾಗಿಲಲ್ಲಿ ನಿಂತು "ಬೇಬಿ ಇದ್ದಾರಾ" ಎಂದೇ ಕೇಳುತ್ತಿದ್ದರು. ಕರೆದುಕೊಳ್ಳಲಿ ಬಿಡು ಎಂದು ಅವಳೂ ಸುಮ್ಮನಾಗಿದ್ದಳು. ಸಿಟ್ಟು ಮಾಡಿಕೊಳ್ಳಲು ಅವಳಿಗೆ ಬೇರೆ ಕಾರಣವಿತ್ತು.

ಕೈ ಕೆಟ್ಟಿತ್ತು. ಮೊದಲು ಬೆರಳ ಸಂದಿಯಲ್ಲಿ ನವೆ, ಆಮೇಲೆ ಗೆಣ್ಣುಗಳ ಮೇಲೆ ಬಿರುಕು, ಕೊನೆಗೆ ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ಕೆಂಪು. ಚಳಿಗೆ ಹೀಗಾಗಿದೆ ಅಂದುಕೊಂಡಳು, ಚಳಿ ಮುಗಿಯಿತು. ಸೋಪು ಬದಲಾಯಿಸಿದಳು. ಲೋಷನ್ ಹಚ್ಚಿದಳು, ಕಡಿಮೆಯಾಗಲಿಲ್ಲವೆಂದು ಇನ್ನಷ್ಟು ಹಚ್ಚಿದಳು. ಹಚ್ಚಿದಷ್ಟೂ ಉರಿ ಹೆಚ್ಚಿತು. ಬೇರೆ ಕೆಲಸವಾಗಿದ್ದರೆ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ದಿನ ದೂಡಬಹುದಿತ್ತು. ಅವಳ ಕೆಲಸವೇ ಇನ್ನೊಬ್ಬರ ಮೈಮೇಲೆ ಕೈ ಇಡುವುದು.

ಮೊದಲು ಬಾಯಿಬಿಟ್ಟು ಹೇಳಿದವರು ಈಜು ಟೀಚರು. ಒಂದು ಕಾಲದಲ್ಲಿ ಊರಿನ ಮಕ್ಕಳನ್ನೆಲ್ಲ ಕೊಳಕ್ಕೆ ತಳ್ಳಿ ಈಜು ಕಲಿಸಿದ್ದ ಮುದುಕಿ. ಈಗ ಅವರ ಎಡಗೈ ಮುಷ್ಟಿ ಕಟ್ಟಿಕೊಂಡು ಕೂತಿತ್ತು. ದಿನಾ ಬೆಳಿಗ್ಗೆ ಕ್ಲಿನಿಕ್ಕಿನ ದೊಡ್ಡ ಕ್ಯಾನಿನಿಂದ ಲೋಷನ್ ತೆಗೆದು ಆ ಕೈಗೆ ಸವರಿ, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಡಿಸುವುದು ಬೇಬಿಯ ಮೊದಲ ಕೆಲಸ.

"ಏನಮ್ಮ ಇದು, ನಿನ್ನ ಕೈ ಮರಳುಕಾಗದ ಆಗಿದೆ," ಅಂದರು ಟೀಚರು. "ನನ್ನ ಬೆರಳು ಬಿಡಿಸ್ತಿದ್ದೀಯೋ, ಪಾಲಿಷ್ ಹೊಡೀತಿದ್ದೀಯೋ?"

ಬೇಬಿ ನಕ್ಕು ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಬಿಳಿ ಟವೆಲಿನ ಮೇಲೆ ಕೆಂಪು ಚುಕ್ಕೆಗಳು ಕಂಡವು. ಟೀಚರು ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು, ಆಮೇಲೆ ಅವಳದನ್ನು ನೋಡಿದರು. "ನನ್ನದಲ್ಲ," ಅಂದರು ಮೆಲ್ಲಗೆ. ಆ ಮೆಲುದನಿಯೇ ಬೇಬಿಗೆ ಹೆಚ್ಚು ಚುಚ್ಚಿತು.

ಮಧ್ಯಾಹ್ನದ ಹೊತ್ತಿಗೆ ಕ್ಲಿನಿಕ್ಕಿನ ಮುಖ್ಯಸ್ಥರ ಕಿವಿಗೂ ಸುದ್ದಿ ಬಿತ್ತು. ಕೆಟ್ಟ ಮನುಷ್ಯನಲ್ಲ ಆತ. ಆದರೂ ಬಿರುಕು ಬಿಟ್ಟ ಕೈಯಿಂದ ರೋಗಿಗಳನ್ನು ಮುಟ್ಟುವ ಹಾಗಿಲ್ಲ ಎಂದು ಹೇಳಿ, ಕೈ ವಾಸಿಯಾಗುವ ತನಕ ಅವಳನ್ನು ಮುಂದಿನ ಕೌಂಟರಿನಲ್ಲಿ ಕೂರಿಸಿದರು. ಫೋನು ಎತ್ತುವುದು, ಬಂದವರನ್ನು ಕೂರಿಸುವುದು, ಯಾರ ಸರದಿ ಯಾವಾಗ ಎಂದು ಹೇಳುವುದು. ಗಾಜಿನ ಗೋಡೆಯ ಆಚೆ ಈಜು ಟೀಚರ ಬೆರಳುಗಳನ್ನು ಹೊಸದಾಗಿ ಸೇರಿದ ಹುಡುಗಿ ಅವಸರ ಅವಸರವಾಗಿ ಬಿಡಿಸುವುದನ್ನು ನೋಡುತ್ತಾ ಬೇಬಿ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು.

ಕೌಂಟರಿನಲ್ಲಿ ಕೂತವರ ಕೈ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಡವರೆಲ್ಲ ವೈದ್ಯರಾದರು. ಒಬ್ಬರು ಬರಿಯ ಎಣ್ಣೆ ಹಚ್ಚಿ ಅಂದರು, ಇನ್ನೊಬ್ಬರು ಎಣ್ಣೆ ಮಾತ್ರ ಮುಟ್ಟಬೇಡಿ ಅಂದರು. ನೆಲ ಒರೆಸುವಾಕೆ ತನ್ನ ನಾದಿನಿ ಬಳಸುವ ಹಸಿರು ಜೆಲ್ ತಂದುಕೊಟ್ಟಳು. ದೊಡ್ಡಕ್ಕ ಫೋನಿನಲ್ಲಿ, "ಕೆಮಿಕಲ್ ಇಲ್ಲದ್ದನ್ನ ತಗೊಳ್ಳೇ," ಅಂದಳು. "ನೀರೂ ಕೆಮಿಕಲ್ಲೇ ಕಣೇ ಅಕ್ಕ," ಅಂದದ್ದಕ್ಕೆ, "ನಿನಗೆ ಯಾರು ಬುದ್ಧಿ ಹೇಳೋಕಾಗುತ್ತೆ," ಎಂದು ಮುನಿಸಿಕೊಂಡು ಫೋನಿಟ್ಟಳು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಬೆಳಗಿನಿಂದ ಸಂಜೆ ತನಕ ಗ್ರೀಸಿನಲ್ಲಿ ಅದ್ದಿರುವ ಅವನ ಕೈ ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು, ಅದೂ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಒಂದು ಸಂಜೆ ಅವನೂ ಒಂದು ಬಾಟಲಿ ಹಿಡಿದು ಬಂದ. "ಬೇಬಿ ಲೋಷನ್. ನಿನ್ನ ಹೆಸರೇ ಇದೆ, ಇನ್ನೇನು ಬೇಕು," ಎಂದು ತಾನೇ ನಕ್ಕ. ಮನೆಯಲ್ಲಿ ಇನ್ಯಾರೂ ನಗಲಿಲ್ಲ.

ಹೀಗೆ ಸ್ನಾನದ ಮನೆಯ ಕಟ್ಟೆಯ ಮೇಲೆ ಬಾಟಲಿಗಳ ಸಂತೆ ನೆರೆಯಿತು. ಎಲ್ಲವೂ ಅರ್ಧರ್ಧ ಮುಗಿದವು. ಯಾವುದೂ ಗುಣ ಮಾಡಿದ್ದಲ್ಲ.

ಕೊನೆಗೆ ಅವಳು ಚರ್ಮದ ಡಾಕ್ಟರ ಬಳಿ ಹೋದಳು. ಗಂಡ ಯಾವುದೋ ಕಟ್ಟಡದಲ್ಲಿ ನಡುವೆ ನಿಂತ ಲಿಫ್ಟಿನ ಜೊತೆ ಗುದ್ದಾಡುತ್ತಿದ್ದ, ಹಾಗಾಗಿ ಜೊತೆಗೆ ಬಂದವರು ಮಾವ. ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡು ಬದುಕಿದವರು, ಅಂಗಡಿ ಮುಚ್ಚಿದ ಮೇಲೆ ಕೈಗೆ ಕೆಲಸ ಸಿಗದೆ ಮನೆಯ ಪ್ರತಿ ಸ್ಕ್ರೂವನ್ನೂ ಒಂದು ಸುತ್ತು ಬಿಗಿ ಮಾಡಿದವರು. ಸೊಸೆ ಎಂದರೆ ಅವರಿಗೆ ಪ್ರಾಣ. ಆ ಪ್ರೀತಿ ಯಾವಾಗಲೂ ಸಲಹೆಯ ರೂಪದಲ್ಲಿ ಬರುತ್ತಿತ್ತು, ಅದೊಂದೇ ತೊಂದರೆ.

ಡಾಕ್ಟರು ನಗದ ಹೆಂಗಸು. ಬೇಬಿಯ ಬೆನ್ನ ಮೇಲೆ ಒಂದೊಂದು ರಾಸಾಯನಿಕ ಸವರಿದ ಚಿಕ್ಕ ಚಿಕ್ಕ ಪಟ್ಟಿಗಳನ್ನು ಅಂಟಿಸಿ, ನೀರು ತಾಗಿಸಬೇಡಿ, ಬೆವರಬೇಡಿ, ತುರಿಸಿಕೊಳ್ಳಬೇಡಿ ಎಂದು ಕಳಿಸಿದರು. ಬೆನ್ನು ತುರಿಸುವುದನ್ನು ಬಿಟ್ಟು ಬೇರೇನೂ ಯೋಚನೆಗೆ ಬಾರದ ದಿನಗಳವು. ಮತ್ತೆ ಹೋದಾಗ ಪಟ್ಟಿ ತೆಗೆದು, ಕೆಂಪಗೆ ಉಬ್ಬಿದ ಒಂದೇ ಒಂದು ಚೌಕವನ್ನು ಬೆರಳಿನಿಂದ ತೋರಿಸಿ, ಹೊರಗೆ ಕೂತಿದ್ದ ಮಾವನನ್ನೂ ಒಳಕ್ಕೆ ಕರೆದರು. ಮನೆಯವರಿಗೆ ತಿಳಿಯದಿದ್ದರೆ ಇದು ವಾಸಿಯಾಗುವುದಿಲ್ಲ ಎಂಬುದು ಅವರ ಅನುಭವ.

"ಲೋಷನ್ನಿನಲ್ಲಿ ಮೂರು ಜನ ಕೆಲಸಗಾರರು ಇರ್ತಾರೆ ಅಂದ್ಕೊಳ್ಳಿ," ಎಂದು ಶುರು ಮಾಡಿದರು. "ಒಬ್ಬ ಚರ್ಮಕ್ಕೆ ನೀರು ಎಳ್ದು ಕೊಡ್ತಾನೆ. ಗ್ಲಿಸರಿನ್, ಯೂರಿಯಾ ಇಂಥವು. ಇನ್ನೊಬ್ಬ ಬಿರುಕಿಗೆ ಮೆತ್ತಿ ನುಣುಪು ಮಾಡ್ತಾನೆ. ಮೂರನೆಯವನು ಬಾಗಿಲು ಹಾಕ್ತಾನೆ, ಒಳಗಿನ ನೀರು ಆರಿಹೋಗದ ಹಾಗೆ. ಪೆಟ್ರೋಲಿಯಂ ಜೆಲ್ಲಿ ಅಂಥವನು."

"ನನ್ನ ಮಗನ ಗ್ರೀಸು," ಅಂದರು ಮಾವ.

"ಗ್ರೀಸ್ ಹಚ್ಚಬೇಡಿ," ಅಂದರು ಡಾಕ್ಟರು. "ಎಣ್ಣೆ, ನೀರು ಒಂದಕ್ಕೊಂದು ಸೇರಲ್ಲ, ಅವೆರಡನ್ನೂ ಕೂಡಿಸಿ ಇಡೋಕೆ ಒಬ್ಬ ಮಧ್ಯಸ್ಥ ಬೇಕು. ನೀರಿದ್ದ ಕಡೆ ಬೂಷ್ಟು ಬರುತ್ತೆ, ಅದಕ್ಕೊಬ್ಬ ಕಾವಲುಗಾರ ಬೇಕು, ಪ್ರಿಸರ್ವೇಟಿವ್ ಅಂತಾರೆ. ಕಾವಲುಗಾರರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಸೊಸೆ ಕೈಗೆ ಆಗದವನು ಅವರಲ್ಲಿ ಒಬ್ಬನೇ." ಹೆಸರನ್ನು ನಿಧಾನವಾಗಿ ಹೇಳಿದರು. ಮೀಥೈಲ್‌ಐಸೋಥಯಾಜೋಲಿನೋನ್.

ಮಾವ ಆ ಹೆಸರನ್ನು ತುಂಡು ತುಂಡು ಮಾಡಿ ಬಾಯಲ್ಲಿ ಹಾಕಿಕೊಂಡು ನೋಡಿದರು. "ಗೂಡ್ಸ್ ರೈಲಿನ ಹಾಗಿದೆ," ಅಂದರು. ಆಮೇಲೆ ಕೇಳಿದರು, "ಬಾಟಲಿ ಹಿಂದೆ ಇಷ್ಟೊಂದು ಹೆಸರು ಬರೆದಿರ್ತಾರಲ್ಲ, ಅದಕ್ಕೊಂದು ಕ್ರಮ ಇದೆಯಾ?"

"ಜಾಸ್ತಿ ಇರೋದು ಮೊದಲು, ಕಡಿಮೆ ಇರೋದು ಕೊನೆಗೆ. ಅದಕ್ಕೇ ಸಾಮಾನ್ಯವಾಗಿ ನೀರೇ ಮೊದಲು."

ಅದನ್ನು ಕೇಳಿದ್ದೇ ಮಾವನ ಮುಖ ಅರಳಿತು. ಕೈಗೆ ಸಿಕ್ಕ ಹೊಸ ಗಡಿಯಾರದ ಹಿಂಬದಿ ತೆರೆದಾಗ ಅರಳುತ್ತಿದ್ದ ಹಾಗೆ.

ಮರುದಿನ ಭಾನುವಾರ. ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರಗಳು ಬೇಬಿಯ ಕಣ್ಣಿಗೆ ಸುಲಭಕ್ಕೆ ಕಾಣುತ್ತಿರಲಿಲ್ಲ, ಆದ್ದರಿಂದ ಮಾವ ತಮ್ಮ ಹಳೆಯ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು ಊಟದ ಮೇಜಿನ ಮುಂದೆ ಕೂತರು. ಅವರು ಓದುವುದು, ಇವಳು ತೀರ್ಪು ಕೊಡುವುದು. ಎಲೆಯ ಚಿತ್ರ ಬಾಟಲಿ ತುಂಬ ಹರಡಿಕೊಂಡಿದ್ದ ಹಸಿರು ಜೆಲ್ ಮೊದಲು ಬಂತು.

"ಎಲೆ ಹೊರಗೆ ಇಷ್ಟು ದೊಡ್ಡದು ಬರೆದಿದ್ದಾರೆ. ಒಳಗೆ ಎಲ್ಲಿದೆ ನೋಡಿ ಮಾವ."

ಮಾವ ಸಾಲುಗಳನ್ನು ದಾಟಿಕೊಂಡು ಹೋದರು. "ಇದೆ. ತೀರಾ ಕೊನೆಗೆ, ಬಣ್ಣಕ್ಕಿಂತ ಒಂದು ಹೆಜ್ಜೆ ಮುಂದೆ."

ಇನ್ನೊಂದರಲ್ಲಿ ಸೀಟೈಲ್ ಆಲ್ಕೋಹಾಲ್ ಕಂಡು ಮಾವ ಗಾಬರಿಯಾದರು, ಗಂಡ ಟಿವಿ ಬಿಟ್ಟು ಎದ್ದು ಬಂದ. ಅದು ಕುಡಿಯುವುದಲ್ಲ, ಮೇಣದ ಜಾತಿಯದು, ಚರ್ಮ ಮೆತ್ತಗೆ ಮಾಡುತ್ತದೆ, ಒಣಗಿಸುವುದಿಲ್ಲ ಎಂದು ಬೇಬಿ ಬಿಡಿಸಿ ಹೇಳಿದ ಮೇಲೆ ಇಬ್ಬರೂ ಸ್ವಲ್ಪ ನಿರಾಶೆಯಿಂದಲೇ ಸ್ವಸ್ಥಾನಕ್ಕೆ ಮರಳಿದರು. 'ವಾಸನೆಯಿಲ್ಲ' ಎಂದು ಮುಂದೆ ಬರೆದುಕೊಂಡಿದ್ದ ಒಂದರ ಹಿಂದೆ ವಾಸನೆ ಮುಚ್ಚುವ ವಾಸನೆಯೊಂದು ಕೂತಿತ್ತು. ಓದುತ್ತಾ ಹೋದ ಹಾಗೆ ಬೇಬಿಯ ಪಿತ್ತ ನೆತ್ತಿಗೇರಿತು. ಇಷ್ಟು ಜನ ಕೂತು ಇಷ್ಟು ಚಿಕ್ಕದಾಗಿ ಅಚ್ಚು ಹಾಕಿಸಿದ್ದು ಯಾರೂ ಓದದಿರಲಿ ಅಂತಲೇ ತಾನೇ, ಎಂದು ಮೇಜಿಗೆ ಬಡಿದಳು. ಬಡಿದದ್ದಕ್ಕೆ ಗೆಣ್ಣು ಒಡೆದು ಇನ್ನಷ್ಟು ಉರಿಯಿತು.

ಗೂಡ್ಸ್ ರೈಲು ಮುಕ್ಕಾಲು ಬಾಟಲಿಗಳಲ್ಲಿ ಸಿಕ್ಕಿತು, ಎಲ್ಲ ಕಡೆ ಕೊನೆಯ ಸಾಲಿನಲ್ಲಿ. ಪಾತ್ರೆ ತೊಳೆಯುವ ದ್ರವದಲ್ಲೂ ಇತ್ತು, ಒದ್ದೆ ಟಿಶ್ಯೂವಿನಲ್ಲೂ ಇತ್ತು. ಮಾರನೆಯ ದಿನ ಕ್ಲಿನಿಕ್ಕಿಗೆ ಹೋಗಿ ದೊಡ್ಡ ಕ್ಯಾನನ್ನು ತಿರುಗಿಸಿ ನೋಡಿದಳು, ಅಲ್ಲೂ ಹಾಯಾಗಿ ಕೂತಿತ್ತು. ಇಷ್ಟು ಕಾಲ ಈಜು ಟೀಚರ ಕೈಗೆ ಸವರುತ್ತಾ ತನ್ನ ಕೈಗೆ ತಾನೇ ಬೆಂಕಿ ಇಟ್ಟುಕೊಂಡಿದ್ದಳು. ಮುಖ್ಯಸ್ಥರಿಗೆ ಹೇಳಿದಳು. ಅವರು ಕ್ಯಾನು ಬದಲಾಯಿಸುತ್ತೇನೆಂದು ಒಪ್ಪಿದರು, ಕೌಂಟರಿನಿಂದ ಮಾತ್ರ ಎಬ್ಬಿಸಲಿಲ್ಲ.

ಮನೆಗೆ ಒಂದು ಹೊಸ ಬಾಟಲಿ ಬಂತು. ಒತ್ತಿದರೆ ಬರುವ ಪಂಪಿನದು. ವಾಸನೆ ಇಲ್ಲ, ಬಣ್ಣ ಇಲ್ಲ, ಗೂಡ್ಸ್ ರೈಲು ಇಲ್ಲ. ಡಾಕ್ಟರೇ ಒಪ್ಪಿದ್ದು. ಹಳೆಯವನ್ನೆಲ್ಲ ಒಂದು ರಟ್ಟಿನ ಡಬ್ಬದಲ್ಲಿ ಹಾಕಿ, ಬಿಸಾಡಿಬಿಡಿ ಎಂದು ಗಂಡನಿಗೆ ಹೇಳಿ ಅವಳು ನಿರಾಳವಾದಳು.

ಆಮೇಲೆ ವಾಸಿಯಾಗುವುದನ್ನು ಕಾಯುತ್ತಾ ಕೂತಳು. ಆಗಲಿಲ್ಲ.

ಮೊದಮೊದಲು ಸ್ವಲ್ಪ ಇಳಿದ ಹಾಗೆ ಕಂಡಿತು. ಬಿರುಕುಗಳು ಮುಚ್ಚಿದವು, ಮಣಿಕಟ್ಟಿನ ಕೆಂಪು ಮಾಸಿತು. ಅಷ್ಟರಲ್ಲಿ ಮತ್ತೆ ನವೆ. ಮತ್ತೆ ಬಿರುಕು. ಪಾತ್ರೆ ತೊಳೆಯಲು ಗಂಡನನ್ನು ಹಚ್ಚಿದಳು. ಶಾಂಪೂ ಬದಲಾಯಿಸಿದಳು. ಬಾಗಿಲ ಹಿಡಿಕೆ, ಫೋನು, ಕೌಂಟರಿನ ಪೆನ್ನು, ಎಲ್ಲದರ ಮೇಲೂ ಅನುಮಾನ ಬಂತು. ಗಾಜಿನ ಆಚೆಯಿಂದ ಈಜು ಟೀಚರು ದಿನಾ ಹುಬ್ಬು ಏರಿಸಿ ಯಾವಾಗ ಬರ್ತೀಯ ಎಂದು ಕೇಳುತ್ತಿದ್ದರು. ಇವಳು ಕೈ ಎತ್ತಿ ತೋರಿಸಿ ತಲೆ ಅಲ್ಲಾಡಿಸುತ್ತಿದ್ದಳು. ಆ ಮುಷ್ಟಿ ಮತ್ತೆ ಬಿಗಿಯಾಗುತ್ತಿರುವುದು ಅಷ್ಟು ದೂರದಿಂದಲೂ ಅವಳಿಗೆ ಗೊತ್ತಾಗುತ್ತಿತ್ತು.

"ನೀವು ಬೇರೇನೋ ಹಚ್ತಿದ್ದೀರಿ," ಅಂದರು ಡಾಕ್ಟರು, ಮತ್ತೆ ತೋರಿಸಲು ಹೋದಾಗ.

"ಇಲ್ಲ," ಅಂದಳು ಬೇಬಿ. ಇಷ್ಟೆಲ್ಲ ಮಾಡಿದ ಮೇಲೆ ಕಳ್ಳಿಯ ಹಾಗೆ ಉತ್ತರ ಕೊಡಬೇಕಾಯಿತಲ್ಲ ಎಂದು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿಟ್ಟಳು. "ನೀವು ಹೇಳಿದ ಬಾಟಲಿ ಬಿಟ್ಟು ಬೇರೆ ಮುಟ್ಟಿಲ್ಲ."

"ದಿನಕ್ಕೆ ಎಷ್ಟು ಸಲ ಹಚ್ತೀರಿ?"

"ಕೈ ತೊಳೆದಾಗಲೆಲ್ಲ."

"ಎಷ್ಟು ಬಾಟಲಿ ಮುಗೀತು?"

"ಇನ್ನೂ ಮೊದಲನೇದೇ ಇದೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಕೈ ತೊಳೆದಾಗಲೆಲ್ಲ ಹಚ್ಚಿದ್ರೆ ಅದು ಯಾವತ್ತೋ ಖಾಲಿ ಆಗಿರಬೇಕಿತ್ತು."

ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಅವಳ ತಲೆಯಲ್ಲಿ ಕೊರೆಯಿತು. ಹೌದಲ್ಲ. ಕೈ ತೊಳೆದಾಗಲೆಲ್ಲ ಪಂಪು ಒತ್ತುತ್ತಿದ್ದಳು, ಒತ್ತಿದಾಗಲೆಲ್ಲ ಧಾರಾಳವಾಗಿ ಬರುತ್ತಿತ್ತು. ಒಳ್ಳೆಯ ಕಂಪನಿ, ಬಾಟಲಿ ತುಂಬ ತುಂಬಿಸಿ ಕೊಟ್ಟಿದ್ದಾರೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೂ ಇದ್ದಳು. ಚಪ್ಪಲಿ ಬಿಚ್ಚದೆ ನೇರ ಸ್ನಾನದ ಮನೆಗೆ ಹೋಗಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಕೆಳಗೊಂದು ಬಿಳಿ, ಮೇಲೊಂದು ಬಿಳಿ. ಎರಡೂ ಒಂದೇ ಬಿಳಿಯಲ್ಲ.

ನಡುಮನೆಗೆ ಬಂದಳು. ಗಂಡ ಚಹಾ ಕುಡಿಯುತ್ತಿದ್ದ, ಮಾವ ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು.

"ಇದಕ್ಕೆ ಯಾರು ಏನು ಹಾಕಿದ್ರಿ?"

ಗಂಡ ಬಾಟಲಿಯನ್ನೂ ಅವಳ ಮುಖವನ್ನೂ ನೋಡಿ ಲೋಟ ಕೆಳಗಿಟ್ಟ. ಮಾವ ಮಾತ್ರ ಸಂತೋಷದಿಂದಲೇ ತಿರುಗಿದರು. "ಅದಾ? ನಾನೇ ತುಂಬಿಸಿದ್ದು. ಅರ್ಧಕ್ಕೆ ಬಂದಾಗಲೆಲ್ಲ ಹಾಕಿ ಇಡ್ತೀನಿ. ನೀನು ಒತ್ತಿದಾಗ ಗಾಳಿ ಬರಬಾರದು ನೋಡು."

"ಏನನ್ನ ತುಂಬಿಸಿದ್ರಿ?"

"ಆ ಡಬ್ಬದಲ್ಲಿ ಇದ್ದವನ್ನ. ಸುಮ್ಮನೆ ಕಣ್ಣುಮುಚ್ಚಿ ತುಂಬಿಸಿಲ್ಲಮ್ಮ, ಎಲ್ಲ ಹಿಂದೆ ಓದಿಯೇ ಹಾಕಿದ್ದು. ವಾಸನೆ ಇರೋದನ್ನ ಮುಟ್ಟಿಲ್ಲ. ನಿನ್ನ ಹೊಸದರಲ್ಲಿ ಮೊದಲು ಏನಿದೆ? ನೀರು, ಗ್ಲಿಸರಿನ್, ಆ ಮೇಣದ ಆಲ್ಕೋಹಾಲ್. ಅದರಲ್ಲೂ ಅದೇ, ಅದೇ ಕ್ರಮದಲ್ಲಿ. ಆ ಗೂಡ್ಸ್ ರೈಲು ಕೊನೆಯ ಸಾಲಲ್ಲಿ ಎಲ್ಲೋ ಹೆಸರಿಗೆ ಇರುತ್ತೆ, ಅಷ್ಟೇ. ಡಾಕ್ಟರೇ ಹೇಳಿದ್ರಲ್ಲ, ಕೊನೇಲಿರೋದು ಕಡಿಮೆ ಅಂತ. ಅದನ್ನ ಇದಕ್ಕೆ ಬೆರೆಸಿದ್ರೆ ಇನ್ನೂ ಕಡಿಮೆ."

ಮಾವ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ, ಅದೇ ಕಷ್ಟ. ಪ್ರತಿ ಮಾತನ್ನೂ ಸರಿಯಾಗಿ ಕೇಳಿಸಿಕೊಂಡು, ಸರಿಯಾಗಿ ನೆನಪಿಟ್ಟುಕೊಂಡು, ನೆಟ್ಟಗೆ ಹಳ್ಳಕ್ಕೆ ಹೋಗಿ ಬಿದ್ದಿದ್ದರು. ಜೊತೆಗೆ ಅವಳನ್ನೂ ಎಳೆದುಕೊಂಡು.

"ಮಾವ," ಅಂದಳು ಬೇಬಿ. "ಗಡಿಯಾರದ ಒಳಗೆ ಒಂದು ಎಳೆ ಧೂಳು ಬಿದ್ದರೆ, ಒಂದೇ ತಾನೆ, ಉಳಿದದ್ದೆಲ್ಲ ಹಿತ್ತಾಳೆ ಅಂತ ಮುಚ್ಚಿ ಕೊಡ್ತಿದ್ರಾ?"

ಮಾವ ಎಣ್ಣೆಯ ಡಬ್ಬಿಯನ್ನು ಕಿಟಕಿಯ ಮೇಲಿಟ್ಟರು.

ಬೇಬಿ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. ಕೌಂಟರಿನಲ್ಲಿ ಕೂತು ನುಂಗಿಕೊಂಡದ್ದೆಲ್ಲ ಒಂದೇ ಸಲ ಹೊರಗೆ ಬಂತು. ಈ ಮನೆಯಲ್ಲಿ ಒಂದು ವಸ್ತು ಅದರ ಹೆಸರಿನ ಬಾಟಲಿಯಲ್ಲಿ ಇರುವುದಿಲ್ಲ. ಬಿಸಾಡಿ ಅಂದದ್ದನ್ನು ಬಿಸಾಡುವ ಗಂಡಸು ಇಲ್ಲ. ತನ್ನ ಕೆಲಸ ಹೋದರೆ ಯಾರಿಗೂ ಏನೂ ಅಲ್ಲ. "ದಯವಿಟ್ಟು ಯಾರೂ ನನಗೆ ಸಹಾಯ ಮಾಡಬೇಡಿ," ಎಂದು ಹೇಳಿ ಪಂಪನ್ನು ಬೇರೆ ಮಾಡಿ, ಬಾಟಲಿಯನ್ನು ಬಚ್ಚಲಿಗೆ ಸುರಿದು, ಬಾಗಿಲು ಹಾಕಿಕೊಂಡಳು.

ಗಂಡ ಬಾಗಿಲ ಹೊರಗೆ ಬಂದು ನಿಂತು, "ಡಬ್ಬ ಬಿಸಾಡೋಕೆ ಅಂತ ಕೆಳಗೆ ಇಟ್ಟಿದ್ದೆ. ಅಪ್ಪ ವಾಪಸ್ ತಂದಿರಬೇಕು," ಎಂದ.

"ಗೊತ್ತಾಯಿತು," ಅಂದಳು ಒಳಗಿನಿಂದ.

ಮಾವ ಮೌನ ಹಿಡಿದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದರು, ಆಮೇಲೆ ಬಾಲ್ಕನಿಯ ಕುರ್ಚಿಗೆ ಹೋಗಿ ರಸ್ತೆ ನೋಡುತ್ತಾ ಕೂರುತ್ತಿದ್ದರು. ಬೇಬಿಗೆ ಅದನ್ನು ನೋಡಿ ಕನಿಕರವಾಗುವ ಬದಲು ಇನ್ನೂ ರೇಗುತ್ತಿತ್ತು. ಕೈ ಸುಟ್ಟುಕೊಂಡವಳು ತಾನು, ಮುಖ ಸಣ್ಣ ಮಾಡಿಕೊಂಡು ಕೂತವರು ಅವರು. ತಾನೇ ಹೋಗಿ ಮಾತಾಡಿಸಬೇಕು ಎಂದು ಗಂಡನ ಕಣ್ಣು ಹೇಳುತ್ತಿತ್ತು. ಅವಳು ಆ ಕಣ್ಣನ್ನು ನೋಡಲಿಲ್ಲ.

ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಉಳಿದ ಬಾಟಲಿಗಳೆಲ್ಲ ಸಾಲಾಗಿ ನಿಂತಿದ್ದವು. ಬೇಬಿ ಲೋಷನ್, ಹಸಿರು ಜೆಲ್, ಒಳಗಿನದನ್ನೆಲ್ಲ ಕೆರೆದು ತೆಗೆಯಲು ಕತ್ತರಿಯಿಂದ ನಡುವೆ ಸೀಳಿದ ಒಂದು ಟ್ಯೂಬು. ಮಾವ ಬಾಗಿಲ ಬಳಿ ಕೋಲು ಹಿಡಿದು ನಿಂತಿದ್ದರು.

"ಅಂಗಡಿ ಮುಚ್ಚುವಾಗ ಎಷ್ಟು ಜನ ವಾಪಸ್ ತಗೊಳ್ಳದೇ ಹೋದ ಗಡಿಯಾರ ಇದ್ದವು ಗೊತ್ತಾ ನಿನಗೆ," ಅಂದರು. "ಒಂದನ್ನೂ ಬಿಸಾಡಿಲ್ಲ. ನನ್ನ ಮಂಚದ ಕೆಳಗಿವೆ. ಅರ್ಧ ಇರೋದನ್ನ ಬಿಸಾಡೋಕೆ ನನ್ನ ಕೈ ಏಳಲ್ಲಮ್ಮ. ನೀನೇ ಬಿಸಾಡು. ನಾನು ಹೊರಗೆ ಹೋಗಿ ಬರ್ತೀನಿ, ಬರೋ ಹೊತ್ತಿಗೆ ಇವು ಇರಬಾರದು."

ತಪ್ಪಾಯಿತು ಅನ್ನಲಿಲ್ಲ. ಅವಳೂ ಕೇಳಲಿಲ್ಲ. ಅವರು ಮೆಟ್ಟಿಲು ಇಳಿಯುವ ಸದ್ದು ಪೂರ್ತಿ ಕರಗುವ ತನಕ ಕಾದು, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಬೀದಿಯ ಕೊನೆಯ ಕಸದ ತೊಟ್ಟಿಯ ತನಕ ತಾನೇ ಹೊತ್ತುಕೊಂಡು ಹೋಗಿ ಹಾಕಿದಳು. ಹತ್ತಿರದ ತೊಟ್ಟಿಯನ್ನು ಅವಳು ನಂಬಲಿಲ್ಲ.

ಕೈ ವಾಸಿಯಾಗಲು ತನ್ನ ಸಮಯ ತೆಗೆದುಕೊಂಡಿತು. ಅವಸರ ಪಟ್ಟದ್ದಕ್ಕೆಲ್ಲ ಅದು ಕಿವಿಗೊಡಲಿಲ್ಲ. ಆದರೂ ಒಂದು ದಿನ ಮುಖ್ಯಸ್ಥರು ಅವಳ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಹೋಗಿ ಎಂದರು. ಈಜು ಟೀಚರ ಮುಷ್ಟಿ ಅವಳು ಹೆದರಿದ ಹಾಗೆಯೇ ಬಿಗಿದುಕೊಂಡಿತ್ತು.

"ಹೊಸ ಹುಡುಗಿ ಒಳ್ಳೆಯವಳು," ಅಂದರು ಟೀಚರು. "ಆದರೆ ಬೆರಳಿಗಿಂತ ಗೋಡೆ ಗಡಿಯಾರವನ್ನೇ ಹೆಚ್ಚು ನೋಡ್ತಾಳೆ."

"ಮತ್ತೆ ಮೊದಲಿಂದ ಶುರು ಮಾಡಬೇಕು," ಅಂದಳು ಬೇಬಿ.

"ಮಾಡು. ನಾನೆಲ್ಲಿಗೆ ಓಡಿಹೋಗ್ಲಿ," ಅಂದರು ಟೀಚರು, ಕೈ ಚಾಚಿ. ಬೇಬಿ ಹೊಸ ಕ್ಯಾನಿನಿಂದ ಲೋಷನ್ ತೆಗೆಯುವ ಮುಂಚೆ ಅದರ ಹಿಂಬದಿಯನ್ನು ಇನ್ನೊಮ್ಮೆ ಓದಿದಳು. ಆಮೇಲೆ ಹೆಬ್ಬೆರಳನ್ನು ಹಿಡಿದಳು.

ಮನೆಯಲ್ಲಿ ಎಲ್ಲ ಒಂದು ಹದಕ್ಕೆ ಬಂತು ಅಂದುಕೊಳ್ಳುವಷ್ಟರಲ್ಲಿ, ಒಂದು ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ಗುರುತಿಲ್ಲದ ಒಬ್ಬ ಹೆಂಗಸು. ಅವಳ ಹಿಂದೆ ಮೆಟ್ಟಿಲ ಮೇಲೆ ಟೋಪಿ ಹಾಕಿದ ಒಬ್ಬ ಮುದುಕ. ಇಬ್ಬರ ಕೈಯಲ್ಲೂ ಒಂದೊಂದು ಬಾಟಲಿ.

"ಬೇಬಿ ಅಂದ್ರೆ ನೀವೇನಾ? ಪಾರ್ಕಿನಲ್ಲಿ ನಿಮ್ಮ ಮಾವನವರು ಹೇಳಿದ್ರು," ಅಂದಳು ಹೆಂಗಸು. "ಹಿಂದೆ ಬರೆದಿರೋದನ್ನ ನೀವು ಓದಿ ಹೇಳ್ತೀರಂತೆ. ಅವರೇ ಓದ್ತೀನಿ ಅಂದ್ರು, ಆಮೇಲೆ ಬೇಡ, ನನ್ನ ಸೊಸೆಯನ್ನೇ ಕೇಳಿ, ಕೊನೆಯ ಸಾಲು ನನಗೆ ಅರ್ಥ ಆಗಲ್ಲ ಅಂದ್ರು."

ಬೇಬಿ ಹಿಂತಿರುಗಿ ನೋಡಿದಳು. ಬಾಲ್ಕನಿಯಲ್ಲಿ ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು, ತಲೆಗೆ ಸ್ನಾನ ಆಗಿರಲಿಲ್ಲ, ವಾರಕ್ಕೆ ಒಂದೇ ಭಾನುವಾರ.

"ನಿಮ್ಮ ಜೊತೆ ಇನ್ನೂ ಯಾರಾದ್ರೂ ಬರೋರು ಇದ್ದಾರಾ?" ಎಂದು ಕೇಳಿದಳು.

"ಕೆಳಗೆ ಇಬ್ಬರು ನಿಂತಿದ್ದಾರೆ," ಅಂದ ಟೋಪಿಯವನು, ಸಂಕೋಚದಿಂದ.

ಬೇಬಿ ಒಂದು ಉದ್ದನೆಯ ಉಸಿರು ಬಿಟ್ಟು, ಗಂಡನಿಗೆ ಹಾಲು ನೋಡಿ ಎಂದು ಕೂಗಿ, ಹೆಂಗಸಿನ ಕೈಯಿಂದ ಬಾಟಲಿಯನ್ನು ಇಸಿದುಕೊಂಡು ಬೆಳಕಿಗೆ ತಿರುಗಿಸಿದಳು.

"ಮೊದಲು ಇದನ್ನ ಹೇಳಿ," ಅಂದಳು. "ಇದರಲ್ಲಿರೋದು ಇದರದ್ದೇ ತಾನೆ?"